ಹಡಗು ವ್ಯಾಲೆಟ್ಟಾದಲ್ಲಿ ನಿಂತ ದಿನ: ಚಳಿಗಾಲದಲ್ಲಿ ನಿಧಾನವಾಗಿ ಊರು ನೋಡುವುದು ಹೇಗೆ?

ಮೆಡಿಟರೇನಿಯನ್ ಕ್ರೂಸ್ ಅಂದ ಕೂಡಲೇ ಎಲ್ಲರೂ ಜುಲೈ, ಆಗಸ್ಟ್ ನೋಡುತ್ತಾರೆ. ನನ್ನನ್ನು ಕೇಳಿದರೆ ನವೆಂಬರ್‌ನಿಂದ ಮಾರ್ಚ್‌ವರೆಗಿನ ಆಫ್ ಸೀಸನ್ನೇ ಚೆನ್ನ. ಅದರಲ್ಲೂ ದ್ವೀಪದೇಶ ಮಾಲ್ಟಾದ ರಾಜಧಾನಿ ವ್ಯಾಲೆಟ್ಟಾಗೆ. ಆಗಸ್ಟ್‌ನಲ್ಲಿ ಇಲ್ಲಿನ ಸುಣ್ಣಕಲ್ಲಿನ ಗೋಡೆಗಳು ಕಾದ ಹೆಂಚಿನ ಹಾಗಿರುತ್ತವೆ. ಜನವರಿಯಲ್ಲಿ ಮಧ್ಯಾಹ್ನದ ಬಿಸಿ 15-16 ಡಿಗ್ರಿ ಅಷ್ಟೇ. ಕೂರಲು ಬೆಂಚು ಸಿಗುತ್ತದೆ, ಅಂಗಡಿಯವರಿಗೆ ಮಾತಾಡಲು ಪುರುಸೊತ್ತಿರುತ್ತದೆ.

ಹಡಗಿನಲ್ಲಿ ಮಾರುವ ಬಸ್ ಪ್ರವಾಸ ಇಲ್ಲಿ ಬೇಡ. ಊರು ಸುಮಾರು ಒಂದು ಕಿಲೋಮೀಟರ್ ಉದ್ದ, 600 ಮೀಟರ್ ಅಗಲ, ಅಷ್ಟೇ. ದ್ವೀಪವನ್ನೆಲ್ಲ ಒಂದೇ ದಿನದಲ್ಲಿ ಸುತ್ತಲು ಹೋದರೆ ಬಸ್ಸಿನ ಕಿಟಕಿ ಮಾತ್ರ ನೆನಪಿನಲ್ಲಿ ಉಳಿಯುತ್ತದೆ.

ಹಿಂದಿನ ರಾತ್ರಿ

ಎಷ್ಟು ಗಂಟೆಗೆ ವಾಪಸ್ ಹಡಗು ಹತ್ತಬೇಕು ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಹಡಗಿನ ಗಡಿಯಾರ, ಊರಿನ ಗಡಿಯಾರ ಎರಡೂ ಒಂದೇನಾ ಅಂತ ವಿಚಾರಿಸಿ. ಗ್ರೀಸ್ ಕಡೆಯಿಂದ ಬರುತ್ತಿದ್ದರೆ ಇದು ಮುಖ್ಯ, ಮಾಲ್ಟಾ ಒಂದು ಗಂಟೆ ಹಿಂದಿದೆ. ಮಳೆ, ಗಾಳಿ ಎರಡಕ್ಕೂ ತಡೆಯುವ ಜಾಕೆಟ್ ಇರಲಿ. ಕೊಡೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಗಾಳಿಗೆ ಮಗುಚಿಕೊಳ್ಳುತ್ತದೆ. ಸವೆದು ನುಣುಪಾದ ಕಲ್ಲು ಮಳೆಗೆ ಜಾರುತ್ತದೆ. ಹಿಡಿತ ಇರುವ ಚಪ್ಪಟೆ ಶೂ ಹಾಕಿಕೊಳ್ಳಿ.

ಇನ್ನೊಂದು ಮಾತು, ಇದು ಊರು ಬಿಡುವ ಮೊದಲೇ ನೋಡಿಕೊಳ್ಳಬೇಕಾದದ್ದು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಮಾಲ್ಟಾಗೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಬೇಕು. ನಿಮ್ಮ ಹಡಗು ನಡುವೆ ಟರ್ಕಿಗೋ ಟ್ಯುನೀಷಿಯಾಗೋ ಹೋಗಿ ಬರುವುದಾದರೆ ಮಲ್ಟಿಪಲ್ ಎಂಟ್ರಿ ವೀಸಾನೇ ಮಾಡಿಸಿ, ಆ ದೇಶಗಳು ಷೆಂಗೆನ್ ಹೊರಗಿವೆ.

ಬೆಳಿಗ್ಗೆ: ಇಳಿಯುವ ಮೊದಲು ಡೆಕ್‌ಗೆ ಹೋಗಿ

ತಿಂಡಿ ಆಮೇಲೆ ತಿನ್ನಬಹುದು. ಹಡಗು ಗ್ರ್ಯಾಂಡ್ ಹಾರ್ಬರ್ ಒಳಗೆ ಬರುವ ಅರ್ಧ ಗಂಟೆಯನ್ನು ಮಾತ್ರ ಕಳೆದುಕೊಳ್ಳಬೇಡಿ. ಬಲಗಡೆ ನಿಲ್ಲಿ. ಸಮುದ್ರದಿಂದಲೇ ಎದ್ದ ಹಾಗೆ ಜೇನಿನ ಬಣ್ಣದ ಕೋಟೆಗೋಡೆ, ಅದರ ಮೇಲೆ ಮನೆ, ಮನೆಯ ಮೇಲೆ ಗುಮ್ಮಟ. ಇಷ್ಟು ಹತ್ತಿರ ಅಂದರೆ ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಯೂ ಕಾಣುತ್ತದೆ. 1565ರಲ್ಲಿ ಆಟೊಮನ್ ಸೇನೆ ಈ ಬಂದರನ್ನು ತಿಂಗಳುಗಟ್ಟಲೆ ಮುತ್ತಿತ್ತು. ಅದನ್ನು ತಡೆದು ನಿಂತ ಸೇಂಟ್ ಜಾನ್ ನೈಟ್‌ಗಳು (ಕ್ರೈಸ್ತ ಯೋಧರ ಪಂಗಡ) ಮರುವರ್ಷವೇ ಈ ಊರಿಗೆ ಅಡಿಗಲ್ಲು ಹಾಕಿದರು. ಅವರ ನಾಯಕ ಜಾನ್ ದ ವ್ಯಾಲೆಟ್ ಹೆಸರೇ ಊರಿಗೂ ಬಂತು.

ಹಡಗು ನಿಂತ ಮೇಲೆ ಜನ ಇಳಿದು ಹೋಗಲಿ. ಒಂದು ಗಂಟೆ ತಡವಾಗಿ ಇಳಿದರೆ ಏನೂ ನಷ್ಟವಿಲ್ಲ.

ಲಿಫ್ಟ್ ಹತ್ತಿ ಊರು ಸೇರಿ

ಟ್ಯಾಕ್ಸಿಯವರು ಕರೆಯುತ್ತಾರೆ. ಬೇಡ ಎಂದು ನಕ್ಕು ಮುಂದೆ ನಡೆಯಿರಿ. ನೀರು ಬಲಕ್ಕಿರಲಿ. ಹತ್ತು ಹದಿನೈದು ನಿಮಿಷದಲ್ಲಿ ಬರಾಕ್ಕಾ ಲಿಫ್ಟ್ ಸಿಗುತ್ತದೆ. ಇದು 58 ಮೀಟರ್ ಎತ್ತರ. ಇಲ್ಲಿ 1905ರಲ್ಲಿ ಮೊದಲ ಲಿಫ್ಟ್ ಇತ್ತು, ಈಗಿನದು 2012ರದ್ದು. ಮಂಡಿನೋವಿನ ಅಪ್ಪ ಅಮ್ಮ ಜೊತೆಗಿದ್ದರೆ ಇದೇ ದೊಡ್ಡ ಉಪಕಾರ.

ಬಾಗಿಲು ತೆರೆಯುವುದೇ ಅಪ್ಪರ್ ಬರಾಕ್ಕಾ ತೋಟಕ್ಕೆ. ಆಮೇಲೆ ಇಲ್ಲಿಗೇ ವಾಪಸ್ ಬರುತ್ತೀರಿ, ಈಗ ಕೂರಬೇಡಿ.

ಮೊದಲು ಕೆಥೆಡ್ರಲ್

ಸೇಂಟ್ ಜಾನ್ಸ್ ಕೋ-ಕೆಥೆಡ್ರಲ್ ಹೊರಗಿನಿಂದ ಕೋಟೆಯ ಹಾಗೆ ಬರಿದಾಗಿದೆ. ಒಳಗೆ ಕಾಲಿಟ್ಟರೆ ಗೋಡೆಯ ತುಂಬ ಚಿನ್ನ. ನೆಲ ನೋಡಿ. ಸುಮಾರು 400 ಸಮಾಧಿ ಕಲ್ಲುಗಳು, ಬಣ್ಣಬಣ್ಣದ ಅಮೃತಶಿಲೆ ಕೂರಿಸಿ ಮಾಡಿದ ಅಸ್ಥಿಪಂಜರ, ಕಿರೀಟ, ದೇವದೂತರು. ಚೂಪು ಹಿಮ್ಮಡಿಯ ಚಪ್ಪಲಿಗೆ ಇಲ್ಲಿ ಪ್ರವೇಶವಿಲ್ಲ, ಈ ನೆಲ ಉಳಿಸಲಿಕ್ಕೆ. ಭುಜ ಮುಚ್ಚುವ ಬಟ್ಟೆ ಬೇಕು. ಭಾನುವಾರ ಪ್ರವಾಸಿಗರನ್ನು ಬಿಡುವುದಿಲ್ಲ.

ಪಕ್ಕದ ಪ್ರಾರ್ಥನಾ ಕೋಣೆಗೆ ತಪ್ಪದೆ ಹೋಗಿ. ಅಲ್ಲಿರುವುದು ಇಟಲಿಯ ಚಿತ್ರಕಾರ ಕಾರವಾಜಿಯೋ 1608ರಲ್ಲಿ ಬರೆದ ಸಂತ ಯೋಹಾನನ ಶಿರಚ್ಛೇದದ ಚಿತ್ರ. ಐದು ಮೀಟರಿಗಿಂತ ಜಾಸ್ತಿ ಅಗಲ. ಅರ್ಧಕ್ಕರ್ಧ ಜಾಗದಲ್ಲಿ ಬರೀ ಕತ್ತಲು, ಒಂದು ಗೋಡೆ, ಕಂಬಿಯ ಹಿಂದೆ ಇಣುಕುವ ಇಬ್ಬರು ಕೈದಿಗಳು. ನೆಲಕ್ಕೆ ಹರಿದ ರಕ್ತದಲ್ಲೇ ಚಿತ್ರಕಾರ ತನ್ನ ಹೆಸರು ಬರೆದಿದ್ದಾನೆ. ಅವನು ರುಜು ಹಾಕಿದ ಚಿತ್ರ ಇದೊಂದೇ. ನಾನು ಹೋದಾಗ ಕೋಣೆಯಲ್ಲಿ ನಾಲ್ಕೇ ಜನ. ಇಪ್ಪತ್ತು ನಿಮಿಷ ಸುಮ್ನೆ ಕೂತಿದ್ದೆ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಮುದುಕಿಯೊಬ್ಬಳು ತಲೆ ಹಿಡಿದುಕೊಂಡು ನಿಂತಿರುವುದು ಎದೆಗೆ ತಾಕಿತು. ಆಫ್ ಸೀಸನ್‌ನಲ್ಲಿ ಬರಬೇಕು ಅನ್ನುವುದು ಇದಕ್ಕೇ.

ಹನ್ನೆರಡಕ್ಕೆ ತೋಪು, ಆಮೇಲೆ ಊಟ

ಹನ್ನೆರಡಕ್ಕೆ ಹತ್ತು ನಿಮಿಷ ಮೊದಲೇ ತೋಟಕ್ಕೆ ಬನ್ನಿ. ಕೆಳಗಿನ ಸಾಲಿನಲ್ಲಿ ತೋಪುಗಳಿವೆ. ಮಧ್ಯಾಹ್ನ ಹನ್ನೆರಡಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ ಹಾರಿಸುತ್ತಾರೆ. ಮೇಲಿನಿಂದ ನೋಡಲು ದುಡ್ಡು ಕೊಡಬೇಕಿಲ್ಲ. ಚಿಕ್ಕ ಮಕ್ಕಳಿದ್ದರೆ ಮೊದಲೇ ಕಿವಿ ಮುಚ್ಚಿಸಿ.

ಊಟಕ್ಕೆ ಪಸ್ತೀತ್ಸಿ ಹುಡುಕಿ. ವಜ್ರದ ಆಕಾರದ, ಪದರ ಪದರದ ಬಿಸಿ ತಿಂಡಿ. ಕಚ್ಚಿದರೆ ಸಿಪ್ಪೆ ಚೂರು ಚೂರಾಗಿ ಜಾಕೆಟ್ ಮೇಲೆಲ್ಲ ಉದುರುತ್ತದೆ. ಒಳಗೆ ರಿಕೋಟಾ ಚೀಸ್, ಇಲ್ಲವೇ ಬೇಯಿಸಿ ಹಿಸುಕಿದ ಬಟಾಣಿ. ಬಟಾಣಿಯದು ನಮ್ಮ ನಾಲಿಗೆಗೆ ತಕ್ಷಣ ಹಿಡಿಸುತ್ತದೆ. ಸಸ್ಯಾಹಾರಿಗಳು ಒಂದು ಮಾತು ಕೇಳಿಕೊಳ್ಳಿ, ಕೆಲವರು ಹಿಟ್ಟಿಗೆ ಹಂದಿ ಕೊಬ್ಬು ಹಾಕುತ್ತಾರೆ. ಸಿಹಿಗೆ ಇಮ್ಮಾರೆತ್. ಖರ್ಜೂರದ ಹೂರಣ ತುಂಬಿ ಎಣ್ಣೆಯಲ್ಲಿ ಕರಿದದ್ದು, ಸೋಂಪಿನ ಘಮ. ನಮ್ಮ ಕರ್ಜಿಕಾಯಿಯ ದೂರದ ನೆಂಟ ಅನ್ನಿಸುತ್ತದೆ.

ಸಮಯ ಉಳಿದರೆ ದೋಣಿ

ಲಿಫ್ಟ್ ಇಳಿದರೆ ಕೆಳಗೇ ಬಣ್ಣ ಬಳಿದ ಮರದ ದೋಣಿಗಳು ಕಾದಿರುತ್ತವೆ. ಹೆಸರು ದಾಯ್ಸಾ. ಬಂದರು ದಾಟಿಸಿ ಬೀರ್ಗುಗೆ ಬಿಡುತ್ತವೆ. ವ್ಯಾಲೆಟ್ಟಾ ಕಟ್ಟುವ ಮೊದಲು ನೈಟ್‌ಗಳು ಇದ್ದದ್ದು ಆ ಊರಿನಲ್ಲೇ. ಅಲ್ಲಿ ನೋಡಲೇಬೇಕಾದ್ದು ಅಂತ ಪಟ್ಟಿ ಮಾಡಬೇಡಿ. ಓಣಿಗಳಲ್ಲಿ ಒಂದು ಗಂಟೆ ಅಡ್ಡಾಡಿ, ಒಂದು ಕಾಫಿ ಕುಡಿದು ಬನ್ನಿ.

ಆದರೆ ಗಾಳಿ ನೋಡಿ ಹತ್ತಿ. ಚಳಿಗಾಲದಲ್ಲಿ ಈಶಾನ್ಯದಿಂದ ಬೀಸುವ ಗ್ರಿಗಾಲ್ ಗಾಳಿ ನೇರ ಬಂದರಿನ ಬಾಯಿಗೇ ನುಗ್ಗುತ್ತದೆ. ಆಗ ದೋಣಿ ನಿಂತುಬಿಡುತ್ತದೆ. ಆ ದಡದಲ್ಲಿ ಸಿಕ್ಕಿಕೊಂಡರೆ ಬಂದರು ಬಳಸಿಕೊಂಡು ರಸ್ತೆಯಲ್ಲೇ ಬರಬೇಕು. ಹಾಗಾಗಿ ಹಡಗು ಹತ್ತುವ ಹೊತ್ತಿಗೆ ಎರಡು ಗಂಟೆ ಮೊದಲೇ ಈ ದಡಕ್ಕೆ ಬಂದುಬಿಡಿ.

ಡಿಸೆಂಬರ್‌ನಲ್ಲಿ ಐದರ ಸುಮಾರಿಗೆಲ್ಲ ಸೂರ್ಯ ಮುಳುಗುತ್ತಾನೆ. ಹಡಗು ಆ ಹೊತ್ತಿಗೆ ಹೊರಡುವುದಾದರೆ ಬಿಸಿ ಚಹಾ ಹಿಡಿದು ಮತ್ತೆ ಡೆಕ್‌ಗೆ ಹೋಗಿ. ಈ ಸಲ ಎಡಗಡೆ ನಿಲ್ಲಿ. ನೀವು ಮಧ್ಯಾಹ್ನ ತೋಪು ನೋಡಿದ ತೋಟದ ಕಮಾನುಗಳಲ್ಲಿ ದೀಪ ಹತ್ತಿರುತ್ತದೆ.