ಜವವೋ ವೇಗವೋ? ಎಐ ಕೊಟ್ಟ ಪಾಠ ಯೋಜನೆಯನ್ನು ತರಗತಿಗೆ ಒಗ್ಗಿಸುವುದು ಹೀಗೆ

ಗದಗ ತಾಲ್ಲೂಕಿನ ಶಿಕ್ಷಕರೊಬ್ಬರು ‘ಒಂಬತ್ತನೇ ತರಗತಿಗೆ ಚಲನೆ ಪಾಠದ ಯೋಜನೆ ಕೊಡು’ ಎಂದು ಎಐಯನ್ನು ಕೇಳಿದರು. ಬಂದ ಉತ್ತರದಲ್ಲಿ ಗುಂಪಿಗೊಂದು ಲ್ಯಾಪ್‌ಟಾಪ್, ಜೊತೆಗೆ ಸೆನ್ಸರ್! ಶಾಲೆಯಲ್ಲಿದ್ದದ್ದು ಒಂದು ಅಳತೆ ಟೇಪು, ಅದೂ ದೈಹಿಕ ಶಿಕ್ಷಣ ಶಿಕ್ಷಕರ ಕಪಾಟಿನಲ್ಲಿ.

ಹಂತ 1: ಚಾಟ್‌ಜಿಪಿಟಿ, ಜೆಮಿನಿ ಯಾವುದಾದರೂ ಸರಿ, ಉಚಿತವಾಗಿ ಸಿಗುವುದೇ ಸಾಕು. ಪಾಠ ಯೋಜನೆಗೆಂದೇ ವರ್ಷದ ಚಂದಾ ಕೇಳುವ ಆ್ಯಪ್‌ಗಳಿಗೆ ದುಡ್ಡು ಸುರಿಯಬೇಡಿ.

ಹಂತ 2: ಪಠ್ಯಪುಸ್ತಕದ ಪುಟಗಳ ಫೋಟೊ ಹಾಕಿ. ಅವಧಿ 40 ನಿಮಿಷ, ಮಕ್ಕಳು 52, ಕೈಯಲ್ಲಿರುವುದು ಹಗ್ಗ, ಸೈಕಲ್, ಒಂದು ಮೊಬೈಲ್ ಎಂದು ಬಿಡಿಸಿ ಹೇಳಿ. ಕಲಿಕಾ ಫಲವನ್ನೂ ಬರೆಯಿರಿ. ಮಕ್ಕಳ ಹೆಸರು, ಅಂಕಪಟ್ಟಿ ಮಾತ್ರ ಬೇಡವೇ ಬೇಡ.

ಹಂತ 3: ಹೆಚ್ಚಿನವರು ಎಡವುವುದು ಇಲ್ಲಿಯೇ. ಉತ್ತರ ಅಚ್ಚುಕಟ್ಟಾಗಿ ಕಾಣುತ್ತದೆ, ನೇರವಾಗಿ ಮುದ್ರಿಸಿಬಿಡುತ್ತಾರೆ. ಮೊದಲು ಪದಗಳನ್ನು ನೋಡಿ. ನಮ್ಮ ಪಠ್ಯದಲ್ಲಿ ‘ಸ್ಪೀಡ್’ ಎಂದರೆ ಜವ, ಅದಕ್ಕೆ ದಿಕ್ಕಿಲ್ಲ; ‘ವೆಲಾಸಿಟಿ’ ಎಂದರೆ ವೇಗ, ಅದಕ್ಕೆ ದಿಕ್ಕೂ ಉಂಟು. ಎಐ ಎರಡಕ್ಕೂ ವೇಗ ಎಂದೇ ಬರೆದುಬಿಡಬಹುದು. ದಿಕ್ಕು ಇದೆಯೋ ಇಲ್ಲವೋ ಎಂಬುದೇ ಪಾಠದ ತಿರುಳಾಗಿರುವಾಗ ಅದನ್ನೇ ಹಲಗೆಯ ಮೇಲೆ ಬರೆದರೆ ಗತಿಯೇನು? ಪಠ್ಯದ ಪಾರಿಭಾಷಿಕ ಪದಗಳ ಪಟ್ಟಿಯನ್ನು ನೀವೇ ಕೊಟ್ಟು, ಇವನ್ನು ಬಿಟ್ಟು ಬೇರೆ ಬಳಸಬೇಡ ಎಂದು ತಾಕೀತು ಮಾಡಿ.

ಆಮೇಲೆ ಲೆಕ್ಕ. ಊರಿನ ಉದಾಹರಣೆ ಕೇಳಿದರೆ ಹುಬ್ಬಳ್ಳಿ ರೈಲು ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮ್ ಬರಬಹುದು. ಒಳ್ಳೆಯದೇ, ಮಕ್ಕಳು ಕಂಡ ಜಾಗ. ಗಂಟೆಗೆ 36 ಕಿಲೋಮೀಟರ್ ಏಕರೂಪ ಜವದ ರೈಲು ಅದನ್ನು ಪೂರ್ತಿ ದಾಟಲು ಎಷ್ಟು ಹೊತ್ತು? 36ನ್ನು 5ರಿಂದ ಗುಣಿಸಿ 18ರಿಂದ ಭಾಗಿಸಿದರೆ ಸೆಕೆಂಡಿಗೆ 10 ಮೀಟರ್. ಉತ್ತರ 150.7 ಸೆಕೆಂಡ್ ಎಂದು ಕೊಟ್ಟಿದ್ದರೆ ರೈಲಿನ ಉದ್ದ ಮರೆತುಹೋಗಿದೆ ಎಂದರ್ಥ. ಲೆಕ್ಕ ದುಂಡಗಾಗಲೆಂದು ಉದ್ದವನ್ನು 493 ಮೀಟರ್ ಎಂದಿಟ್ಟುಕೊಂಡರೆ ಒಟ್ಟು ದೂರ 2,000 ಮೀಟರ್, ಕಾಲ 200 ಸೆಕೆಂಡ್. ‘ಸರಿಯಾಗಿದೆಯೇ?’ ಎಂದು ಎಐಯನ್ನೇ ಕೇಳಿ ಸಮಾಧಾನಪಟ್ಟುಕೊಳ್ಳಬೇಡಿ, ತಪ್ಪು ಲೆಕ್ಕಕ್ಕೂ ಅದು ಹೌದೆನ್ನಬಹುದು. ಪ್ರತಿ ಲೆಕ್ಕವನ್ನೂ ಪೆನ್ನು ಹಿಡಿದು ಬಿಡಿಸಿ. ಹಾಗೆ ಸಿಕ್ಕ ತಪ್ಪನ್ನು ಎಸೆಯದೆ, ತಪ್ಪೆಲ್ಲಿದೆ ಹುಡುಕಿ ಎಂದು ಮಕ್ಕಳ ಮುಂದಿಡಿ. ಅದಕ್ಕಿಂತ ಚೆನ್ನಾದ ಪ್ರಶ್ನೆ ನನಗೆ ಸಿಕ್ಕಿಲ್ಲ.

ಹಂತ 4: ಚಟುವಟಿಕೆಯನ್ನು ಹಿಂದಿನ ದಿನ ಮೈದಾನದಲ್ಲಿ ಒಮ್ಮೆ ಮಾಡಿ ನೋಡಿ. ಸೈಕಲ್ ಓಡಿಸಿ 20 ಮೀಟರ್ ಹಗ್ಗದ ಎರಡು ತುದಿಗಳ ನಡುವಿನ ಕಾಲವನ್ನು ಮೊಬೈಲ್‌ನಲ್ಲಿ ಅಳೆಯಲು ಎಐ 10 ನಿಮಿಷ ಎನ್ನುತ್ತದೆ. 52 ಮಕ್ಕಳನ್ನು ಸಾಲಾಗಿ ನಿಲ್ಲಿಸುವುದಕ್ಕೇ ಅಷ್ಟು ಬೇಕು.

ಹಂತ 5: ಅಂತಿಮ ಯೋಜನೆಯನ್ನು ಪಾಠ ಟಿಪ್ಪಣಿಗೆ ಕೈಯಲ್ಲೇ ಬರೆಯಿರಿ, ಅಂಟಿಸಬೇಡಿ. ತರಗತಿ ಮುಗಿದ ಮೇಲೆ ಯಾವುದಕ್ಕೆ ನಿಜವಾಗಿ ಎಷ್ಟು ನಿಮಿಷ ಹಿಡಿಯಿತು ಎಂದು ಅಂಚಿನಲ್ಲಿ ಗುರುತು ಹಾಕಿ. ಮುಂದಿನ ಪಾಠಕ್ಕೆ ಕೇಳುವಾಗ ಆ ಅಂಚಿನ ಫೋಟೊವನ್ನೂ ಸೇರಿಸಿ.