ಕ್ಲಿಂಗನ್‌ನಲ್ಲಿ ಪ್ರಶ್ನೆ ಕೇಳೋದು ನಾನು ಕಲ್ತಿದ್ದು ಹಿಂಗೆ

ಕ್ಲಿಂಗನ್ ಕಲಿಯೋರಿಗೆ ನಾನು ಹೇಳೋದು ಒಂದೇ, ಇಂಗ್ಲಿಷ್ ಪಕ್ಕಕ್ಕಿಟ್ಟು ಕನ್ನಡದಲ್ಲೇ ಯೋಚ್ನೆ ಮಾಡಿ, ಪ್ರಶ್ನೆ ವಿಷ್ಯದಲ್ಲಂತೂ ಅರ್ಧ ಕೆಲ್ಸ ಅಲ್ಲೇ ಮುಗೀತು. ಸ್ಟಾರ್ ಟ್ರೆಕ್ ಸಿನಿಮಾದಲ್ಲಿ ಬರೋ ಕ್ಲಿಂಗನ್ ಅನ್ನೋ ಬೇರೆ ಗ್ರಹದ ಜನಕ್ಕೋಸ್ಕರ ಮಾರ್ಕ್ ಒಕ್ರಾಂಡ್ ಅನ್ನೋ ಭಾಷಾತಜ್ಞ ಕಟ್ಟಿದ ಭಾಷೆ ಇದು, ಡಿಕ್ಷನರಿ ಬಂದಿದ್ದು 1985ರಲ್ಲಿ. ನಮ್ ಡ, ಷ ಎರಡೂ ಅದ್ರಲ್ಲಿವೆ (ಮಂಡ್ಯ ಕಡೆ ನಾವು ಷ ಹೇಳೋದೇ ಕಮ್ಮಿ, ಅದು ಬೇರೆ ಮಾತು).

ಮಂಡ್ಯ ಟು ಮೈಸೂರು ಟ್ರೈನಲ್ಲಿ ಕೂತ್ಕೊಂಡು ನಾನು ಮಾಡ್ತಿದ್ದಿದ್ದು ಇಷ್ಟೆ: ಮೊದ್ಲು ಉತ್ರ ಬರೀತಿದ್ದೆ, ಆಮೇಲೆ ಅದ್ರಲ್ಲಿ ಒಂದು ಪದ ಹೊಡೆದು ಹಾಕಿ ಅದೇ ಜಾಗಕ್ಕೆ ಪ್ರಶ್ನೆ ಪದ ಕೂರಿಸ್ತಿದ್ದೆ. ‘ಪುಕ್ ಲೆಘ್ ಯಾಷ್’ ಅಂದ್ರೆ ಮಗೂನ ಆಫೀಸರ್ ನೋಡ್ತಾರೆ, ನೋಡಿಸಿಕೊಂಡೋರು ಮುಂದೆ, ನೋಡೋರು ಕೊನೇಲಿ. ‘ಇವ್ ಲೆಘ್ ಯಾಷ್’ ಅಂದ್ರೆ ಆಫೀಸರ್ ಯಾರನ್ನ ನೋಡ್ತಾರೆ, ‘ಪುಕ್ ಲೆಘ್ ಇವ್’ ಅಂದ್ರೆ ಮಗೂನ ಯಾರು ನೋಡ್ತಾರೆ. ಯಾರು, ಯಾರನ್ನ ಎರಡಕ್ಕೂ ‘ಇವ್’ ಒಂದೇ, ವಿಭಕ್ತಿ ಗೋಜಿಲ್ಲ, ಕೂತಿರೋ ಜಾಗ ನೋಡೇ ಅರ್ಥ ಮಾಡ್ಕೋಬೇಕು. ಏನು ಅನ್ನೋ ‘ನುಕ್’ ಕೂಡ ಹಂಗೇ.

ಎಲ್ಲಿ, ಯಾವಾಗ, ಯಾಕೆ, ಹೇಗೆ ಇವೆಲ್ಲ ವಾಕ್ಯದ ಶುರೂಲಿ ಬರುತ್ವೆ, ತಲೆಬಿಸಿ ಇಲ್ಲ. ಹೇಗೆ ಅನ್ನೋದಕ್ಕೆ ‘ಚಾಯ್’ ಅಂತಾರೆ, ಟೀ ಅಲ್ಲ ಮತ್ತೆ.

ನಂಗೆ ಖುಷಿ ಕೊಟ್ಟಿದ್ದು ‘ಆರ್’, ಅಂದ್ರೆ ಎಷ್ಟು. ಇದು ನಾಮಪದ ಆದ್ಮೇಲೆ ಬರುತ್ತೆ, ಆ ನಾಮಪದಕ್ಕೆ ಬಹುವಚನ ಪ್ರತ್ಯಯ ಹಾಕೋ ಹಾಗಿಲ್ಲ. ಹೋಟೆಲಲ್ಲಿ ಸಪ್ಲೈಯರ್ ‘ಇಡ್ಲಿ ಎಷ್ಟು ಸಾರ್’ ಅಂತಾನೆ ಹೊರತು ‘ಇಡ್ಲಿಗಳು ಎಷ್ಟು’ ಅಂತಾನಾ? ಅದೇ ಲೆಕ್ಕ, ‘ಪುಕ್ ಆರ್’.

ಹೌದು ಇಲ್ಲ ಅನ್ನೋ ಪ್ರಶ್ನೆಗೆ ಕ್ರಿಯಾಪದದ ಕೊನೇಲಿ ‘ಆ’, ನಮ್ ‘ಬರ್ತಾನಾ’ ಥರಾನೇ, ಅವರು ಗಂಟಲು ಹಿಡಿದು ಬಿಟ್ಟಂಗೆ ಬಿಡಿಸಿ ಹೇಳ್ತಾರೆ ಅಷ್ಟೆ. ಆದ್ರೆ ಹುಷಾರು, ನಾವು ‘ಗಾಳೀನಾ?’ ಅಂತ ಯಾವ್ದಕ್ಕೆ ಬೇಕಾದ್ರೂ ಆ ಅಂಟಿಸ್ತೀವಿ, ಅಲ್ಲಿ ನಾಮಪದಕ್ಕೆ ಅಂಟಿಸಿದ್ರೆ ದೊಡ್ಡದು ಅಂತ ಅರ್ಥ ಆಗೋಗುತ್ತೆ. ‘ಷುಷ್’ ಗಾಳಿ, ‘ಷುಷ್‌ಆ’ ಜೋರು ಗಾಳಿ. ಗಾಳೀನಾ ಅಂತ ಕೇಳ್ಬೇಕಂದ್ರೆ ಅದು ಅನ್ನೋ ಸರ್ವನಾಮ ತಂದು ‘ಆ’ನ ಅದಕ್ಕೆ ಹಾಕ್ಬೇಕು: ‘ಷುಷ್ ಓಖ್‌ಆ’. ನೀನು ಕ್ಲಿಂಗನ್ನಾ ಅನ್ನೋದೂ ಇದೇ ರೂಟು, ‘ಟ್ಲಿಂಗಾನ್ ಷೋಖ್‌ಆ’.