ಮಗು ತಿನ್ನುವ ನಾಲ್ಕು ತಿಂಡಿಯಿಂದಲೇ ಶುರು

ನಾನು ಮೈಸೂರಿನಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ಊಟ, ಬಟ್ಟೆ, ಆಟದಂಥ ದಿನನಿತ್ಯದ ಕೆಲಸ ಮಾಡಲು ನೆರವಾಗುವವಳು. ಆಟಿಸಂ ಇರುವ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ, ಅದರಲ್ಲೂ ಊಟದ ತೊಂದರೆ ಇರುವವರ ಜೊತೆ ಜಾಸ್ತಿ. ಅಪ್ಪ ಅಮ್ಮ ಬಂದು ಕೂತ ಕೂಡಲೇ ಹೇಳುವ ಮಾತು ಹೆಚ್ಚುಕಮ್ಮಿ ಒಂದೇ: "ಮೇಡಂ, ಏನೂ ತಿನ್ನಲ್ಲ." ಆಮೇಲೆ ತಿನ್ನದೇ ಇರುವುದರ ಪಟ್ಟಿ. ಸೊಪ್ಪು ಮುಟ್ಟಲ್ಲ, ಹಣ್ಣು ಕಂಡರೆ ಎದ್ದು ಓಡುತ್ತಾನೆ, ಸಾರಿನ ಒಂದು ಹನಿ ಅನ್ನಕ್ಕೆ ಬಿದ್ದರೆ ತಟ್ಟೆಯನ್ನೇ ತಳ್ಳುತ್ತಾನೆ. ಅದನ್ನೆಲ್ಲ ಪೂರ್ತಿ ಕೇಳಿಸಿಕೊಂಡು, ಒಂದು ಹಾಳೆ ಕೊಟ್ಟು, "ತಿನ್ನೋದನ್ನ ಬರೀರಿ" ಅನ್ನುತ್ತೇನೆ. ಸುಮ್ನೆ ದೋಸೆ ಅಂತ ಬರೆದರೆ ಸಾಲದು. ಎಷ್ಟು ತೆಳು, ಬಿಸಿಯೋ ಆರಿದ್ದೋ, ಯಾರು ಹುಯ್ದದ್ದು, ಯಾವ ತಟ್ಟೆಯಲ್ಲಿ ಹಾಕಿದ್ದು. ಬಿಸ್ಕತ್ತಾದರೆ ಯಾವ ಪೊಟ್ಟಣದ್ದು, ಮುರಿದಿದ್ದರೂ ತಿನ್ನುತ್ತಾನಾ.

ಐದು ವರ್ಷದ ಒಬ್ಬ ಹುಡುಗನ ಹಾಳೆ ಹೀಗಿತ್ತು. ಪಾರ್ಲೆ-ಜಿ, ಇಡಿಯಾಗಿದ್ದರೆ ಮಾತ್ರ. ಅಂಚು ಕೆಂಪಗಾದ ತೆಳು ದೋಸೆ, ಚಟ್ನಿ ಬೇಡ. ಅಕ್ಕಿ ಹಪ್ಪಳ. ನಿಪ್ಪಟ್ಟು, ಕಡಲೆಬೀಜ ಕಾಣದಿದ್ದರೆ. ಒಗ್ಗರಣೆ ಇಲ್ಲದ ಮೊಸರನ್ನ. ಹಾಲು. ಮುಗಿಯಿತು. ಅವನ ತಾಯಿಗೆ ಅದರಲ್ಲಿ ಹಟ ಕಂಡಿತ್ತು, ನನಗೆ ಕ್ರಮ ಕಂಡಿತು. ಮೊಸರನ್ನ, ಹಾಲು ಬಿಟ್ಟರೆ ಎಲ್ಲವೂ ಒಣಗಿದ್ದು, ಗರಿಗರಿ, ತಿಳಿ ಬಣ್ಣದ್ದು, ವಾಸನೆ ಕಡಿಮೆ ಇರುವಂಥದ್ದು. ಮೊಸರನ್ನವೂ ಮೊದಲ ತುತ್ತಿನಿಂದ ಕೊನೆಯ ತುತ್ತಿನವರೆಗೂ ಒಂದೇ ಹದ. ನಡುವೆ ಸಾಸಿವೆ, ಕರಿಬೇವು ನಾಲಿಗೆಗೆ ಸಿಕ್ಕಿ ಅವನನ್ನು ಬೆಚ್ಚಿಬೀಳಿಸುವುದಿಲ್ಲ.

ಈ ಮಕ್ಕಳಲ್ಲಿ ತುಂಬ ಜನರಿಗೆ ವಾಸನೆ, ಹದ, ಬಿಸಿ, ಸದ್ದು ನಮಗಿಂತ ಜೋರಾಗಿ ತಟ್ಟುತ್ತವೆ. ಅವರಿಗೆ ಬೇಕಾದದ್ದು ನಂಬಿಕೆ. ಪಾರ್ಲೆ-ಜಿ ಇವತ್ತು ಹೇಗಿದೆಯೋ ನಾಳೆಯೂ ಹಾಗೇ ಇರುತ್ತದೆ. ಬಾಳೆಹಣ್ಣು ಹಾಗಲ್ಲ. ಇವತ್ತು ಗಟ್ಟಿ, ನಾಳೆ ಮೆತ್ತಗೆ, ನಾಡಿದ್ದು ಸಿಪ್ಪೆ ತುಂಬ ಕಪ್ಪು ಚುಕ್ಕೆ. ನಮ್ಮ ಮನೆಗಳ ಹುಳಿ ಅಂತೂ ಎರಡು ದಿನ ಒಂದೇ ತರಹ ಇರುವುದಿಲ್ಲ, ಅಲ್ವಾ? ಒಂದು ದಿನ ನುಗ್ಗೆಕಾಯಿ, ಇನ್ನೊಂದು ದಿನ ಬದನೆಕಾಯಿ. ನಮಗೆ ಅದು ಬದಲಾವಣೆ, ಮಗುವಿಗೆ ಗಾಬರಿ.

"ಮುದ್ದು ಜಾಸ್ತಿ ಮಾಡಿ ಹಾಳು ಮಾಡಿದ್ದೀರಿ" ಅಂತ ನೆಂಟರು ಹೇಳುವ ಮಾತು ಕೇಳಿ ಅತ್ತ ತಾಯಂದಿರನ್ನು ನೋಡಿದ್ದೇನೆ. ಅವರಿಗೆ ಒಂದು ವಿಷಯ ಹೇಳುತ್ತೇನೆ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಆಟಿಸಂ ಬಗ್ಗೆ ಮೊದಲ ಪ್ರಸಿದ್ಧ ವರದಿ ಬರೆದಾಗ ಅದರಲ್ಲಿದ್ದದ್ದು 11 ಮಕ್ಕಳು. ಅವರಲ್ಲಿ ಆರು ಮಂದಿಗೆ ಹುಟ್ಟಿದಾಗಿನಿಂದಲೇ ಊಟದ ತೊಂದರೆ ಇತ್ತು ಅಂತ ಅವರೇ ಬರೆದಿದ್ದಾರೆ. ಬೇರೆ ಮಕ್ಕಳಿಗೆ ಹೋಲಿಸಿದರೆ ಆಟಿಸಂ ಇರುವ ಮಕ್ಕಳಲ್ಲಿ ಊಟದ ತೊಂದರೆ ಸುಮಾರು ಐದು ಪಟ್ಟು ಜಾಸ್ತಿ ಅನ್ನುವುದು 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಕಂಡದ್ದು. ಇದು ಬೆಳೆಸಿದ ರೀತಿಯ ತಪ್ಪಲ್ಲ.

ಹೊಸ ತಿಂಡಿಯ ಮಾತಿಗೆ ಮೊದಲು ನಾನು ಮಗುವನ್ನು ಮಕ್ಕಳ ಡಾಕ್ಟರ ಹತ್ತಿರ ಕಳಿಸುತ್ತೇನೆ. ಮಲಬದ್ಧತೆ ಇದ್ದರೆ ಹಸಿವೇ ಆಗುವುದಿಲ್ಲ, ಮತ್ತು ಈ ಮಕ್ಕಳಲ್ಲಿ ಅದು ತುಂಬ ಸಾಮಾನ್ಯ. ಹುಳುಕು ಹಲ್ಲು ಇದ್ದರೆ ಅಗಿಯುವುದು ನೋವು. ಮಾತು ಬಾರದ ಮಗು ಆ ನೋವನ್ನು ಹೇಳುವುದು ಹೇಗೆ? ಅದು ತಟ್ಟೆ ತಳ್ಳುತ್ತದೆ, ಅಷ್ಟೇ. ಮಾತ್ರೆ ನುಂಗುತ್ತಿದ್ದರೆ ಅದನ್ನೂ ಕೇಳಬೇಕು. ಚುರುಕು ಜಾಸ್ತಿ ಇರುವ ಮಕ್ಕಳಿಗೆ ಕೊಡುವ ಕೆಲವು ಔಷಧಿ ಮಧ್ಯಾಹ್ನದ ಹಸಿವನ್ನು ಕೊಲ್ಲುತ್ತವೆ.

ಹಾಲಿನ ಲೆಕ್ಕ ಬೇರೆಯೇ ಹಾಕಿಸುತ್ತೇನೆ. ಒಬ್ಬ ಹುಡುಗಿ ದಿನಕ್ಕೆ ಒಂದು ಲೀಟರಿಗೂ ಮೇಲೆ ಹಾಲು ಕುಡಿಯುತ್ತಿದ್ದಳು, ಬಾಟಲಿಯಲ್ಲೇ. ಮನೆಯವರಿಗೆ ಅದೊಂದೇ ಸಮಾಧಾನ, ಹಾಲಾದರೂ ಹೋಗುತ್ತಿದೆಯಲ್ಲ ಅಂತ. ಆದರೆ ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಜೊತೆಗೆ ಹೊಟ್ಟೆ ತುಂಬಿ ಬೇರೆ ಊಟಕ್ಕೆ ಜಾಗವೇ ಇರುವುದಿಲ್ಲ. ಅವಳು ಗೋಡೆಯ ಸುಣ್ಣ ಕೆರೆದು ತಿನ್ನುತ್ತಿದ್ದಳು, ಅಣ್ಣನ ಬಳಪವನ್ನೂ ಬಿಡುತ್ತಿರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದಾಗ ಕಬ್ಬಿಣ ತೀರಾ ಕೆಳಗಿತ್ತು. ಡಾಕ್ಟರು ಸಿರಪ್ ಬರೆದುಕೊಟ್ಟರು. ಹಾಲನ್ನು ನಿಧಾನವಾಗಿ ಇಳಿಸಿ ಅರ್ಧ ಲೀಟರಿನ ಒಳಗೆ ತಂದೆವು, ಬಾಟಲಿಯಿಂದ ಲೋಟಕ್ಕೆ ಬಂದೆವು. ಅವಳ ಊಟದ ಕೆಲಸ ಅಲ್ಲಿಂದ ಮುಂದೆ ಶುರುವಾಯಿತು. ಹಸಿವೇ ಗೊತ್ತಿಲ್ಲದ ಮಗುವಿಗೆ ಹೊಸ ರುಚಿ ಕಲಿಸಲು ಹೋಗಬಾರದು.

ಅಗಿಯಲು ಬರುತ್ತದಾ ಅನ್ನುವುದನ್ನೂ ನೋಡಬೇಕು. ನಾಲ್ಕೈದು ವರ್ಷವಾದರೂ ಅನ್ನ ಸಾರು ಮಿಕ್ಸಿಗೆ ಹಾಕಿ ತಿನ್ನಿಸುವ ಮನೆಗಳಿವೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ನಾಲಿಗೆ ತುತ್ತನ್ನು ಪಕ್ಕದ ಹಲ್ಲಿಗೆ ತಳ್ಳುವುದನ್ನು ಕಲಿತಿರುವುದೇ ಇಲ್ಲ. ಅಂಥ ಮಗುವಿಗೆ ಗಟ್ಟಿ ಪದಾರ್ಥ ಕೊಟ್ಟರೆ ಓಕರಿಕೆ ಬರುತ್ತದೆ, ನಾವು ಅದನ್ನು ನಾಟಕ ಅಂದುಕೊಳ್ಳುತ್ತೇವೆ. ನಾನು ಸಬ್ಬಕ್ಕಿ ಸಂಡಿಗೆಯಿಂದ ಶುರು ಮಾಡುತ್ತೇನೆ. ಚಿಕ್ಕ ಚೂರನ್ನು ನಾಲಿಗೆಯ ಮೇಲೆ ಇಡುವುದಿಲ್ಲ, ಕೆನ್ನೆಯ ಪಕ್ಕದಿಂದ ದವಡೆ ಹಲ್ಲಿನ ಮೇಲೆ ಇಡುತ್ತೇನೆ. ಕರ್ ಅಂದು ಒಡೆಯುತ್ತದೆ, ಉಗುಳಿನಲ್ಲಿ ಕರಗುತ್ತದೆ. ಆಮೇಲೆ ಬೇಯಿಸಿದ ಆಲೂಗಡ್ಡೆಯ ಉದ್ದ ಹೋಳು, ಅದೂ ದವಡೆಗೇ. ಕಡಲೆಬೀಜ, ಇಡೀ ದ್ರಾಕ್ಷಿ ಈ ಹಂತದಲ್ಲಿ ಖಂಡಿತ ಬೇಡ. ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಊಟ ಮಾಡುವಾಗ ಪ್ರತಿ ಸಲ ಕೆಮ್ಮು ಬಂದರೆ ನಾನು ಕೈಹಾಕುವುದಿಲ್ಲ. ನಮ್ಮೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆಯನ್ನೇ ನೋಡುವವರಿದ್ದಾರೆ, ಮೊದಲು ಅಲ್ಲಿಗೆ ಕಳಿಸುತ್ತೇನೆ.

ಎರಡು ವಿಷಯದಲ್ಲಿ ನಾನು ತುಂಬ ಗಟ್ಟಿ. ಒಂದು, ಬಲವಂತ ಬೇಡ. ಕೈಕಾಲು ಹಿಡಿದು, ಮೂಗು ಒತ್ತಿ ತುರುಕಿದ ಊಟ ಹೊಟ್ಟೆಗೆ ಹೋಗಬಹುದು. ಮರುದಿನ ತಟ್ಟೆ ಕಂಡರೇ ಮಗು ಅಳುತ್ತದೆ. ಎರಡು, ಒಪ್ಪಿದ ತಿಂಡಿಯಲ್ಲಿ ಕದ್ದು ಏನನ್ನೂ ಸೇರಿಸಬೇಡಿ. ಮೊದಲು ಹೇಳಿದ ಐದು ವರ್ಷದ ಹುಡುಗನ ಮನೆಯಲ್ಲಿ ಯಾರೋ ಹೇಳಿದರು ಅಂತ ಮೊಸರನ್ನಕ್ಕೆ ಟಾನಿಕ್ ಬೆರೆಸಿದರು. ಅವನಿಗೆ ಒಂದೇ ತುತ್ತಿಗೆ ಗೊತ್ತಾಯಿತು. ಟಾನಿಕ್ಕೂ ಹೋಗಲಿಲ್ಲ, ಮೊಸರನ್ನವೂ ಪಟ್ಟಿಯಿಂದ ಹೋಯಿತು. ಇರುವುದೇ ಆರು ತಿಂಡಿ, ಅದರಲ್ಲಿ ಒಂದು ಹೋದರೆ ಎಷ್ಟು ದೊಡ್ಡ ನಷ್ಟ! ಹಾಗೆ ಬಿಟ್ಟದ್ದು ವಾಪಸ್ ಬರುವುದು ಈ ಮಕ್ಕಳಲ್ಲಿ ಕಷ್ಟ. ಮೊಸರನ್ನ ತಿರುಗಿ ಬರಲು ತಿಂಗಳುಗಳೇ ಹಿಡಿದವು.

ಇನ್ನು ಮುಂದಕ್ಕೆ ಹೋಗುವ ದಾರಿ. ಒಪ್ಪಿದ ತಿಂಡಿಯ ಒಂದೇ ಒಂದು ಗುಣ ಬದಲಾಯಿಸಬೇಕು, ಉಳಿದದ್ದು ಹಾಗೇ ಇರಬೇಕು. ಅದೂ ಮಗುವಿನ ಕಣ್ಣೆದುರಿಗೇ. ಅವನಿಗೆ ದೋಸೆ ಇಷ್ಟ ಅಂದೆನಲ್ಲ. ಮೊದಲು ಅದೇ ದೋಸೆ, ಆಕಾರ ಮಾತ್ರ ಬೇರೆ. ಕತ್ತರಿಯಲ್ಲಿ ಅವನೇ ಪಟ್ಟಿ ಪಟ್ಟಿಯಾಗಿ ಕತ್ತರಿಸಿದ. ಆಮೇಲೆ ಅದೇ ಹಿಟ್ಟು, ಒಂಚೂರು ದಪ್ಪ. ಆಮೇಲೆ ಸ್ವಲ್ಪ ಹಿಟ್ಟು ಬೇರೆ ಪಾತ್ರೆಗೆ ತೆಗೆದು ಅದಕ್ಕೆ ಒಂದು ಚಮಚ ರಾಗಿ ಹಿಟ್ಟು. ಚಮಚ ಹಾಕಿದ್ದೂ ಅವನೇ, ಕಲಸಿದ್ದೂ ಅವನೇ. ಅವನ ಮಾಮೂಲಿ ದೋಸೆ ಅವನ ತಟ್ಟೆಯಲ್ಲಿ, ರಾಗಿ ಬೆರೆತದ್ದು ಪಕ್ಕದ ಪುಟ್ಟ ತಟ್ಟೆಯಲ್ಲಿ. ತಿನ್ನು ಅಂತ ಯಾರೂ ಹೇಳುವಂತಿಲ್ಲ. ಅಮ್ಮ ಅದರಲ್ಲಿ ತಾನು ಮುರಿದು ತಿನ್ನುತ್ತಾರೆ, ಅಷ್ಟೇ.

ಮೊದಲು ಆ ತಟ್ಟೆಯನ್ನು ದೂರ ತಳ್ಳುತ್ತಿದ್ದ. ಆಮೇಲೆ ತಳ್ಳುವುದು ನಿಂತಿತು. ಒಂದು ದಿನ ಅಂಚು ಮುರಿದು, ಮೂಗಿಗೆ ಹಿಡಿದು, ವಾಪಸ್ ಇಟ್ಟ. ಇದನ್ನು ನಾನು ಗೆಲುವು ಅಂತಲೇ ಬರೆದುಕೊಳ್ಳುತ್ತೇನೆ. ಹತ್ತಿರ ಇರಗೊಡುವುದು, ಮುಟ್ಟುವುದು, ಮೂಸುವುದು, ತುಟಿಗೆ ತಾಗಿಸುವುದು, ನೆಕ್ಕುವುದು, ಕಚ್ಚಿ ಉಗಿಯುವುದು, ಇವೆಲ್ಲ ಆದಮೇಲೆ ನುಂಗುವುದು. ಉಗಿಯಲು ಪಕ್ಕದಲ್ಲಿ ಒಂದು ಬಟ್ಟಲು ಇಟ್ಟಿರುತ್ತೇವೆ. ಉಗಿಯಬಹುದು ಅಂತ ಗೊತ್ತಿರುವ ಮಗುವೇ ಬಾಯಿಗೆ ಹಾಕಿಕೊಳ್ಳುವ ಧೈರ್ಯ ಮಾಡುತ್ತದೆ. ಸಾಮಾನ್ಯ ಮಕ್ಕಳಿಗೇ ಹೊಸ ರುಚಿ ಒಪ್ಪಲು ಹತ್ತು ಹದಿನೈದು ಸಲ ಬೇಕಾಗುತ್ತದೆ. ಇವರಿಗೆ ಅದರ ಎಷ್ಟೋ ಪಟ್ಟು. ರಾಗಿ ಬೆರೆತ ದೋಸೆಯಿಂದ ತೆಳುವಾಗಿ ತಟ್ಟಿ ಗರಿಯಾಗಿ ಸುಟ್ಟ ಅಕ್ಕಿ ರೊಟ್ಟಿಗೆ ಬಂದೆವು. ಅದು ನಿಪ್ಪಟ್ಟಿಗೆ ಹತ್ತಿರ, ಹಾಗಾಗಿ ಬೇಗ ಒಪ್ಪಿದ. ರೊಟ್ಟಿ ಹಿಟ್ಟಿಗೆ ಒಂದು ಚಿಟಿಕೆ ಕ್ಯಾರೆಟ್ ತುರಿ, ಅವನೇ ಉದುರಿಸಿದ್ದು. ಅಲ್ಲಿಗೆ ಹೆಚ್ಚುಕಮ್ಮಿ ಒಂದು ವರ್ಷ ಕಳೆದಿತ್ತು. ತಾಯಿಗೆ ನಡುವೆ ತುಂಬ ಬೇಸರ ಬಂದದ್ದೂ ಉಂಟು. ಸಹಜ. ದಿನಾ ಎರಡು ತರಹ ಹುಯ್ಯುವುದು ಸಣ್ಣ ಕೆಲಸವಲ್ಲ.

ಊಟದ ಹೊತ್ತಿನ ಆಚೆಗೂ ಕೈಗೆ ಕೆಲಸ ಕೊಡುತ್ತೇವೆ. ಅವರೆಕಾಯಿ ಕಾಲದಲ್ಲಿ ನನಗೆ ಖುಷಿ. ನೆನೆಸಿದ ಅವರೆಕಾಳನ್ನು ಬೆರಳಲ್ಲಿ ಹಿಸುಕಿದರೆ ಕಾಳು ಪುಳಕ್ ಅಂತ ಹಾರುತ್ತದೆ. ಒದ್ದೆ ಪದಾರ್ಥ ಮುಟ್ಟದ ಮಕ್ಕಳೂ ಇದನ್ನು ಮತ್ತೆ ಮತ್ತೆ ಮಾಡುತ್ತಾರೆ. ತಿನ್ನಬೇಕು ಅನ್ನುವ ಮಾತೇ ಇಲ್ಲದ್ದರಿಂದ ಕೈ ಹೆದರುವುದಿಲ್ಲ, ವಾಸನೆಯೂ ರೂಢಿಯಾಗುತ್ತದೆ.

ಹೊತ್ತು ಮುಖ್ಯ. ಊಟ ತಿಂಡಿಗಳ ನಡುವೆ ಎರಡೂವರೆ ಮೂರು ಗಂಟೆ ಬಿಡುವು, ಆ ನಡುವೆ ನೀರು ಮಾತ್ರ. ಬಿಸ್ಕತ್ತಿನ ಡಬ್ಬಿ ಕೈಗೆ ಸಿಗಬಾರದು. ಬಿಸ್ಕತ್ತು ಬಿಡಿಸಬೇಕಿಲ್ಲ, ಅದಕ್ಕೂ ಒಂದು ಹೊತ್ತು ಇರಲಿ. ಕೂರುವಾಗ ಕಾಲು ನೇತಾಡಬಾರದು. ಎತ್ತರದ ಕುರ್ಚಿಯಾದರೆ ಕಾಲ ಕೆಳಗೆ ಮಣೆ ಇಡಿ, ನೆಲದ ಮೇಲಾದರೆ ಬೆನ್ನಿಗೆ ಗೋಡೆ ಇರಲಿ. ಬೀಳುತ್ತೇನೇನೋ ಅನ್ನುವ ಭಯದಲ್ಲಿರುವ ಮೈಗೆ ಊಟದ ಕಡೆ ಗಮನ ಬರುವುದಿಲ್ಲ. ಮೊಬೈಲ್ ತೋರಿಸಿ ತಿನ್ನಿಸುತ್ತಿದ್ದರೆ ಒಂದೇ ದಿನ ಕಿತ್ತುಕೊಳ್ಳಬೇಡಿ. ಮೊದಲು ಚಿತ್ರ ಬಿಟ್ಟು ಹಾಡು ಮಾತ್ರ, ಆಮೇಲೆ ಕೊನೆಯ ನಾಲ್ಕು ತುತ್ತಿಗೆ ಅದೂ ಇಲ್ಲದೆ, ಹಾಗೆ ಹಿಂದಕ್ಕೆ ಬನ್ನಿ. ಪರದೆ ನೋಡುತ್ತಾ ಬಾಯಿ ತೆರೆಯುವ ಮಗು ಏನು ತಿನ್ನುತ್ತಿದೆ ಅಂತ ಕಲಿಯುವುದೇ ಇಲ್ಲ.

ಅಜ್ಜಿಯರನ್ನು ನಾನು ಕರೆದು ಕೂರಿಸಿಕೊಳ್ಳುತ್ತೇನೆ. "ನಾವು ನಾಲ್ಕು ಮಕ್ಕಳನ್ನ ಬೆಳೆಸಿದ್ದೀವಮ್ಮ, ಎರಡು ಏಟು ಬಿಟ್ಟರೆ ಎಲ್ಲ ತಿಂತಿದ್ವು" ಅನ್ನುತ್ತಾರೆ. ಅವರ ಅನುಭವ ನಿಜ. ಅದಕ್ಕೇ ರೊಟ್ಟಿ ತಟ್ಟುವ ಕೆಲಸ ಅವರಿಗೇ ಒಪ್ಪಿಸುತ್ತೇನೆ, ಅಷ್ಟು ತೆಳುವಾಗಿ ಬೇರೆ ಯಾರಿಗೂ ಬರುವುದಿಲ್ಲ. ಮದುವೆ ಊಟಕ್ಕೆ ಹೋಗುವಾಗ ಮಗುವಿನ ಡಬ್ಬಿ ಒಯ್ಯಿರಿ, ನಾಚಿಕೆ ಬೇಡ. ಆ ಗದ್ದಲ, ಎಲೆಯ ಮೇಲೆ ಒಂದಕ್ಕೊಂದು ತಾಗುವ ಪಲ್ಯ, ಕೋಸಂಬರಿ, ಪಾಯಸ, ಅಲ್ಲಿ ಕಲಿಸುವುದು ಏನೂ ಇಲ್ಲ. ಶಾಲೆಯಲ್ಲಿ ಬಿಸಿಯೂಟದ ಸಾಲು ಕಷ್ಟವಾದರೆ ಟೀಚರಿಗೆ ಹೇಳಿ ಮೂಲೆಯಲ್ಲಿ ಜಾಗ ಕೇಳಿ.

ಗೋಧಿ, ಹಾಲು ಬಿಡಿಸಿದರೆ ಆಟಿಸಂ ಕಡಿಮೆಯಾಗುತ್ತಾ ಅಂತ ಅನೇಕರು ಕೇಳುತ್ತಾರೆ. ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಆರು ತಿಂಡಿಯ ಮಗುವಿನಿಂದ ಎರಡನ್ನು ಕಿತ್ತುಕೊಂಡರೆ ಉಳಿಯುವುದೇನು? ಅಲರ್ಜಿ ಇದ್ದರೆ ಮಾತು ಬೇರೆ, ಅದನ್ನು ಡಾಕ್ಟರೇ ಹೇಳಬೇಕು.

ಇಂಥ ಊಟದ ತೊಂದರೆ ಅತಿಯಾದಾಗ ಅದಕ್ಕೆ ಬೇರೆಯೇ ಹೆಸರಿದೆ, ಆರ್ಫಿಡ್ ಅನ್ನುತ್ತಾರೆ. ಮನೋವೈದ್ಯರು ಕಾಯಿಲೆ ಗುರುತಿಸಲು ಬಳಸುವ ಪಟ್ಟಿಯಲ್ಲಿ 2013ರಿಂದ ಇದೆ. ತೂಕ ಇಳಿಯುತ್ತಿದ್ದರೆ, ಇಪ್ಪತ್ತಕ್ಕಿಂತ ಕಡಿಮೆ ಪದಾರ್ಥ ತಿನ್ನುವ ಮಗು ಇರುವುದನ್ನೂ ಒಂದೊಂದಾಗಿ ಬಿಡುತ್ತಿದ್ದರೆ, ಒಂದು ಇಡೀ ಬಗೆಯೇ, ಹಣ್ಣು ತರಕಾರಿ ಎಲ್ಲವೂ, ಇಲ್ಲದಿದ್ದರೆ, ಮನೆಯಲ್ಲೇ ಪ್ರಯತ್ನ ಮಾಡುತ್ತಾ ಕೂರಬೇಡಿ. ವಸಡಿನಲ್ಲಿ ರಕ್ತ ಬಂದು ನಡೆಯುವಾಗ ಕಾಲು ಎಳೆಯುತ್ತಿದ್ದರೆ ವಿಟಮಿನ್ ಸಿ ತೀರಾ ಕಡಿಮೆಯಾಗಿ ಸ್ಕರ್ವಿ ಬಂದಿರಬಹುದು. ಹಳೇ ಕಾಲದ ಕಾಯಿಲೆ ಅಂದುಕೊಳ್ಳುತ್ತೇವೆ, ಆದರೆ ಆಟಿಸಂ ಇರುವ ಮಕ್ಕಳಲ್ಲಿ ಈಗಲೂ ಕಾಣಿಸಿಕೊಳ್ಳುತ್ತದೆ. ಕತ್ತಲಾದ ಮೇಲೆ ತಡವರಿಸಿದರೆ ವಿಟಮಿನ್ ಎ ಕೊರತೆ ಇರಬಹುದು. ಡಾಕ್ಟರ ಹತ್ತಿರ ಹೋದಾಗ "ಸರಿಯಾಗಿ ತಿನ್ನಲ್ಲ" ಅಂತಷ್ಟೇ ಹೇಳಬೇಡಿ, ಆ ಹಾಳೆಯನ್ನೇ ತೋರಿಸಿ. ಏನು ಪರೀಕ್ಷೆ ಮಾಡಿಸಬೇಕು ಅನ್ನುವುದು ಅದನ್ನು ನೋಡಿದರೆ ಅವರಿಗೆ ಬೇಗ ಗೊತ್ತಾಗುತ್ತದೆ.